ಚಿಹ್ನೆಗಳೆಲ್ಲ ಗೊತ್ತು, ನಕ್ಷೆ ಮಾತ್ರ ಅರ್ಥವಾಗುತ್ತಿಲ್ಲ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆಯಲ್ಲಿ ಸ್ಥಳ ಗುರುತಿಸುವ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಈಗ ಭೂಗೋಳದ ಪ್ರಾಯೋಗಿಕ ತರಗತಿಯಲ್ಲಿ 57 ಜಿ/11 ಎಂಬ ಟೋಪೋಶೀಟ್ (ನೆಲದ ಏರಿಳಿತ, ನೀರು, ಊರು, ರಸ್ತೆಗಳನ್ನು ತೋರಿಸುವ ಸ್ಥಳಾಕೃತಿ ನಕ್ಷೆ) ಕೊಟ್ಟು, ‘ಈ ಪ್ರದೇಶವನ್ನು ವಿವರಿಸಿ’ ಎನ್ನುತ್ತಾರೆ. ರೂಢಿ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೂ ಹಾಳೆ ಬಿಡಿಸಿದರೆ ಕಂದು ಗೆರೆಗಳ ಗೋಜಲು ಬಿಟ್ಟು ಬೇರೇನೂ ತೋಚುವುದಿಲ್ಲ. ಮೊಬೈಲ್‌ನಲ್ಲೇ ಎಲ್ಲ ನಕ್ಷೆ ಇರುವಾಗ ಇದನ್ನು ಯಾಕೆ ಓದುತ್ತೀ ಎಂದು ಅಣ್ಣ ಕೇಳುತ್ತಾನೆ. ಟೋಪೋಶೀಟ್ ಓದುವುದನ್ನು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಾಲಿ ನಕ್ಷೆಯಲ್ಲಿ ಕೃಷ್ಣಾ ನದಿಯನ್ನು ಗುರುತಿಸುವಾಗ ಉತ್ತರ ನಿಮ್ಮ ತಲೆಯಲ್ಲಿರುತ್ತದೆ, ಅದನ್ನು ಕಾಗದದ ಮೇಲೆ ಇಳಿಸುತ್ತೀರಿ. ಟೋಪೋಶೀಟ್‌ನಲ್ಲಿ ಉತ್ತರಗಳೆಲ್ಲ ಕಾಗದದ ಮೇಲೆ ಆಗಲೇ ಇವೆ, ಪ್ರಶ್ನೆಗಳನ್ನು ನೀವು ತರಬೇಕು. ಇದು ಬೇರೆಯದೇ ಕೆಲಸ, ಇದನ್ನು ನಿಮಗೆ ಯಾರೂ ಇನ್ನೂ ಕಲಿಸಿಲ್ಲ. ಆದ್ದರಿಂದ ಗಾಬರಿ ಬೇಡ. ಚಿಹ್ನೆಗಳ ಬಾಯಿಪಾಠವೂ ವ್ಯರ್ಥವಾಗಿಲ್ಲ, ಆದರೆ ಅದು ಅಕ್ಷರಮಾಲೆ ಮಾತ್ರ. ಓದು ಶುರುವಾಗುವುದು ‘ಇದು ಇಲ್ಲೇ ಏಕೆ ಇದೆ?’ ಎಂದು ಕೇಳಿ, ಅದಕ್ಕೆ ಅದೇ ಹಾಳೆಯ ಇನ್ನೊಂದು ಬಣ್ಣದಲ್ಲಿ ಉತ್ತರ ಹುಡುಕಿದಾಗ. ಊರು ಏಕೆ ಇಲ್ಲಿದೆ ಎಂಬುದಕ್ಕೆ ನೀಲಿ ಬಣ್ಣ ಉತ್ತರ ಕೊಡಬಹುದು. ರಸ್ತೆ ಏಕೆ ಬಾಗಿದೆ ಎಂಬುದಕ್ಕೆ ಕಂದು ಗೆರೆ ಉತ್ತರ ಕೊಡಬಹುದು.

ನಿಮ್ಮ ಕಾಲೇಜು 57 ಜಿ/11 ಕೊಟ್ಟಿರುವುದು ನಿಮ್ಮ ಭಾಗ್ಯ. ನಂದಿಬೆಟ್ಟ, ಸ್ಕಂದಗಿರಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಎಲ್ಲವೂ ಅದರಲ್ಲಿವೆ. ದೂರದ ಊರಿನ ಹಾಳೆಯನ್ನು ಪರೀಕ್ಷೆಗೆಂದು ಕಲಿಯುವ ಮಕ್ಕಳಿಗೆ ಸಿಗದ ಅನುಕೂಲ ಇದು: ಓದಿದ್ದು ಸರಿಯೇ ಎಂದು ನೀವು ಹೋಗಿ ನೋಡಿ ಬರಬಹುದು.

ಮೊದಲು ಆ ಸಂಖ್ಯೆಯನ್ನೇ ಬಿಡಿಸಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಕ್ರಮದಲ್ಲಿ ದೇಶವನ್ನೂ ನೆರೆಯ ಭಾಗಗಳನ್ನೂ 4 ಡಿಗ್ರಿ ಅಗಲ, 4 ಡಿಗ್ರಿ ಎತ್ತರದ ಚೌಕಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. 57 ಎಂದರೆ 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶ. ಅದರೊಳಗೆ ಒಂದೊಂದು ಡಿಗ್ರಿಯ 16 ಚೌಕಗಳಿಗೆ ಇಂಗ್ಲಿಷಿನ ‘ಎ’ಯಿಂದ ‘ಪಿ’ವರೆಗೆ ಅಕ್ಷರಗಳು. ವಾಯವ್ಯ ಮೂಲೆಯಿಂದ ಕೆಳಗಿಳಿಯುತ್ತಾ, ಒಂದು ಸಾಲು ಮುಗಿದ ಮೇಲೆ ಪಕ್ಕದ ಸಾಲಿಗೆ ಹೋಗಬೇಕು. ಹಾಗೆ ಎಣಿಸಿದರೆ ‘ಜಿ’ ಬರುವುದು 13–14 ಅಕ್ಷಾಂಶ ಮತ್ತು 77–78 ರೇಖಾಂಶಗಳ ನಡುವೆ. ಅದನ್ನು ಮತ್ತೆ ಹದಿನಾರಾಗಿ ಸೀಳಿ, ಅದೇ ಕ್ರಮದಲ್ಲಿ ಎಣಿಸಿದರೆ ಹನ್ನೊಂದನೆಯದು ನಿಮ್ಮ ಹಾಳೆ: ಎರಡೂ ಕಡೆ 15 ಮಿನಿಟ್. ನೆಲದ ಮೇಲೆ ಅದು ಸುಮಾರು 750 ಚದರ ಕಿಲೋಮೀಟರ್. ಬೆಂಗಳೂರು ನಗರದ ಹೃದಯಭಾಗ 57 ಎಚ್/9ರಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡಿ, ಎಣಿಕೆಯ ಕ್ರಮ ಕೈಗೆ ಹತ್ತುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಮುಕ್ತ ಸರಣಿಯ ಹಾಳೆಗಳಿಗೆ ಬೇರೆ ಸಂಖ್ಯೆಗಳಿವೆ. ಈ ಭಾಗದವು ‘ಡಿ 43’ ಎಂದು ಆರಂಭವಾಗುತ್ತವೆ. ಹಾಗೆ ಕಂಡರೆ ತಬ್ಬಿಬ್ಬಾಗಬೇಡಿ.

ಅಳತೆಮಾನದ ಬಗ್ಗೆ ಒಂದೇ ಮಾತು. 1:50,000 ಎಂದರೆ ಹಾಳೆಯ 2 ಸೆಂಟಿಮೀಟರ್ ನೆಲದ 1 ಕಿಲೋಮೀಟರ್. ‘ದೊಡ್ಡ ಅಳತೆಮಾನದ ನಕ್ಷೆ’ ಎಂದರೆ ದೊಡ್ಡ ಪ್ರದೇಶದ ನಕ್ಷೆ ಎಂದು ಬಹಳ ಮಂದಿ ತಿಳಿಯುತ್ತಾರೆ. ನಿಜ ಅದಕ್ಕೆ ತಿರುಗುಮುರುಗು. ಭಿನ್ನರಾಶಿಯಾಗಿ ನೋಡಿ: ಐವತ್ತು ಸಾವಿರದಲ್ಲಿ ಒಂದು ಪಾಲು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ದೊಡ್ಡದು. ಆದ್ದರಿಂದ ನಿಮ್ಮ ಹಾಳೆಯೇ ದೊಡ್ಡ ಅಳತೆಮಾನದ್ದು, ಗೋಡೆಗೆ ನೇತುಹಾಕುವ ಭಾರತದ ನಕ್ಷೆ ಚಿಕ್ಕದು.

ಈಗ ಕೆಲಸಕ್ಕೆ ಬನ್ನಿ. ಗೋಜಲು ಕಾಣುವುದು ಎಲ್ಲವನ್ನೂ ಒಟ್ಟಿಗೆ ನೋಡುವುದರಿಂದ. ಹಾಳೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಕ್ಲಿಪ್ ಹಾಕಿ, ನೀರನ್ನು ಮಾತ್ರ ನಕಲು ಮಾಡಿ. ಬೆಟ್ಟ, ರಸ್ತೆ, ಊರು ಯಾವುದೂ ಬೇಡ. ಹಳ್ಳ, ತೊರೆ, ಕೆರೆ ಅಷ್ಟೇ. ಒಂದು ಎಚ್ಚರಿಕೆ: ನೀಲಿ ಬಣ್ಣವನ್ನು ಮಾತ್ರ ಹುಡುಕಿದರೆ ನಿಮ್ಮ ಜಿಲ್ಲೆಯಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಹರಿದು ಬತ್ತುವ ತೊರೆಗಳನ್ನು ಸರ್ವೇಕ್ಷಣಾ ಇಲಾಖೆ ಕಪ್ಪು ಗೆರೆಯಲ್ಲಿ ಬರೆಯುತ್ತದೆ. ನೀಲಿ ಬಣ್ಣ ನೀರಿರುವ ಕಡೆಗೆ ಮೀಸಲು. ಮಲೆನಾಡಿನ ಒಂದು ಹಾಳೆಯನ್ನೂ ನಿಮ್ಮ ಹಾಳೆಯನ್ನೂ ಅಕ್ಕಪಕ್ಕ ಇಟ್ಟರೆ ಈ ಒಂದು ಬಣ್ಣದ ವ್ಯತ್ಯಾಸವೇ ಎರಡು ಸೀಮೆಗಳ ಬದುಕಿನ ವ್ಯತ್ಯಾಸವನ್ನು ಹೇಳಿಬಿಡುತ್ತದೆ.

ನಕಲು ಮುಗಿದ ಮೇಲೆ ತೊರೆಗಳು ಯಾವ ಕಡೆ ಹರಿಯುತ್ತಿವೆ ಎಂದು ಬಾಣ ಹಾಕಿ. ಸಣ್ಣ ತೊರೆಗಳು ಕೂಡಿ ದೊಡ್ಡದಾಗುವ ದಿಕ್ಕೇ ಹರಿವಿನ ದಿಕ್ಕು. ನಂದಿ ಸಾಲಿನ ಸುತ್ತ ನಿಮ್ಮ ಬಾಣಗಳು ಒಂದೇ ಕಡೆಗೆ ಮುಖ ಮಾಡುವುದಿಲ್ಲ. ಅರ್ಕಾವತಿಯ ಕಡೆಯವು ದೊಡ್ಡಬಳ್ಳಾಪುರದತ್ತ ಇಳಿಯುತ್ತವೆ. ಆ ನೀರು ಕಡೆಗೆ ಕಾವೇರಿಗೆ. ದಕ್ಷಿಣ ಪಿನಾಕಿನಿಯ ಕಡೆಯವು ಹೊಸಕೋಟೆಯ ಮೇಲೆ ತಮಿಳುನಾಡಿಗೆ. ಉತ್ತರ ಪಿನಾಕಿನಿಯ ಕಡೆಯವು ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ. ಮೂರೂ ನೀರು ಸೇರುವುದು ಬಂಗಾಳ ಕೊಲ್ಲಿಯನ್ನೇ, ಆದರೆ ಒಂದು ಕಾವೇರಿಯ ಮುಖಜಭೂಮಿಯಲ್ಲಿ, ಇನ್ನೊಂದು ಕಡಲೂರಿನ ಬಳಿ, ಮತ್ತೊಂದು ನೆಲ್ಲೂರಿನ ಆಚೆ. ಹೀಗೆ ಒಂದು ಎತ್ತರದಿಂದ ನೀರು ಸುತ್ತಲೂ ಇಳಿದು ಹೋಗುವುದಕ್ಕೆ ಪಠ್ಯದಲ್ಲಿ ‘ತ್ರಿಜ್ಯಾಕಾರದ ಜಲಹರಿವು’ ಎಂಬ ಮಾತಿದೆ. ಅದನ್ನು ನೀವು ಓದಿರುತ್ತೀರಿ, ಆದರೆ ನಿಮ್ಮ ಕೈಯಾರೆ ಬಾಣ ಹಾಕಿದಾಗಲೇ ಅದು ನಿಮ್ಮದಾಗುತ್ತದೆ. ಬೇರೆ ಬೇರೆ ದಿಕ್ಕಿಗೆ ಹೋಗುವ ತೊರೆಗಳ ತಲೆಗಳ ನಡುವೆ, ಯಾವ ತೊರೆಯನ್ನೂ ದಾಟದಂತೆ ಒಂದು ಕೆಂಪು ಗೆರೆ ಎಳೆಯಿರಿ. ಅದು ಜಲವಿಭಜಕ. ಅದನ್ನು ಎಳೆದಾಗ ಬೆಟ್ಟದ ಏಣು (ಉದ್ದಕ್ಕೆ ಸಾಗುವ ನೆತ್ತಿಯ ಗೆರೆ) ಎಲ್ಲಿದೆ ಎಂಬುದು ಕಂದು ಗೆರೆ ನೋಡದೆಯೇ ನಿಮಗೆ ಗೊತ್ತಾಗಿರುತ್ತದೆ.

ಈಗ ಟ್ರೇಸಿಂಗ್ ಪೇಪರನ್ನು ಹಾಳೆಯ ಮೇಲೆ ಮತ್ತೆ ಇಟ್ಟು ಕಂದು ಗೆರೆಗಳಿಗೆ ಬನ್ನಿ. ಸಮೋನ್ನತಿ ರೇಖೆ ಎಂದರೆ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸುವ ಗೆರೆ ಎಂಬ ವ್ಯಾಖ್ಯೆ ನಿಮಗೆ ಬರುತ್ತದೆ. ಅದು ಕಣ್ಣಿಗೆ ಕಾಣಬೇಕಾದರೆ ಬೇಸಿಗೆಯಲ್ಲಿ ನಿಮ್ಮೂರಿನ ಕೆರೆಯ ಅಂಗಳಕ್ಕೆ ಹೋಗಿ. ನೀರು ಇಳಿಯುತ್ತಾ ಬಂದಂತೆ ದಂಡೆಯ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ ಬಿಟ್ಟುಹೋಗಿರುತ್ತದೆ. ಪ್ರತಿಯೊಂದು ಗೆರೆಯೂ ಒಂದು ದಿನದ ನೀರಿನ ಮಟ್ಟ, ಅಂದರೆ ಒಂದು ಸಮೋನ್ನತಿ ರೇಖೆ. ದಂಡೆ ಕಡಿದಾಗಿರುವ ಕಡೆ ಆ ಗೆರೆಗಳು ಒತ್ತೊತ್ತಾಗಿವೆ, ನೆಲ ಚಪ್ಪಟೆಯಾಗಿರುವ ಕಡೆ ದೂರ ದೂರ. ಹಳ್ಳ ಬಂದು ಸೇರುವ ಜಾಗದಲ್ಲಿ ಗೆರೆ ಹಳ್ಳದೊಳಕ್ಕೆ, ಮೇಲ್ಮುಖವಾಗಿ ನುಗ್ಗಿ ಹಿಂದಿರುಗಿದೆ. ಟೋಪೋಶೀಟ್‌ನ ಮೂರು ಮುಖ್ಯ ನಿಯಮಗಳೂ ಅಲ್ಲೇ ಇವೆ: ಒತ್ತಾದರೆ ಕಡಿದು, ದೂರವಾದರೆ ಮೆಲ್ಲನೆಯ ಇಳಿಜಾರು, ಎತ್ತರದ ಕಡೆಗೆ ಚೂಪಾಗಿ ಬಾಗಿದರೆ ಕಣಿವೆ. ತಗ್ಗಿನ ಕಡೆಗೆ ಬಾಗಿದರೆ ಅದು ಚಾಚಿಕೊಂಡ ಏಣು. ಕಣಿವೆಯೋ ಏಣೋ ಎಂಬ ಗೊಂದಲ ಬಂದಾಗಲೆಲ್ಲ ನಿಮ್ಮ ಟ್ರೇಸಿಂಗ್ ನೋಡಿ: ಬಾಗಿನ ತುದಿಯಲ್ಲಿ ತೊರೆ ಇದ್ದರೆ ಕಣಿವೆ.

1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್. ಐದನೆಯ ಗೆರೆ ದಪ್ಪ, ಅಂದರೆ ದಪ್ಪದಿಂದ ದಪ್ಪಕ್ಕೆ 100 ಮೀಟರ್. ಎಣಿಕೆ ತಪ್ಪದಿರಲು ದಪ್ಪ ಗೆರೆಗಳನ್ನೇ ಹಿಡಿದು ನಡೆಯಿರಿ. ಚಿಕ್ಕಬಳ್ಳಾಪುರದ ಸುತ್ತಲಿನ ಬಯಲು ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ತುದಿ 1478 ಮೀಟರ್. ನಡುವೆ ಸುಮಾರು 28 ಗೆರೆಗಳನ್ನು ಹತ್ತಬೇಕು. ಇಲ್ಲೊಂದು ಸೊಗಸಾದ ಸಂಗತಿ ಇದೆ, ಇದನ್ನು ಗಮನಿಸಿದವರು ಸಮೋನ್ನತಿ ರೇಖೆಯನ್ನು ಮತ್ತೆಂದೂ ಮರೆಯುವುದಿಲ್ಲ. ನಂದಿಯ ಮೇಲಿನ ಕೊನೆಯ ಗೆರೆ 1460ರದ್ದು. 1480ರ ಗೆರೆ ಅಲ್ಲಿ ಇರಲು ಸಾಧ್ಯವೇ ಇಲ್ಲ, ಏಕೆಂದರೆ ಬೆಟ್ಟ ಆ ಎತ್ತರವನ್ನು 2 ಮೀಟರಿನಿಂದ ತಪ್ಪಿಸಿಕೊಂಡಿದೆ. ಹಾಗಾಗಿ ತುದಿಯ ನಿಜವಾದ ಎತ್ತರವನ್ನು ಗೆರೆಗಳು ಹೇಳಲಾರವು, ಬಿಂದುವಿನ ಪಕ್ಕದಲ್ಲಿ ಬರೆದ ಅಂಕಿಯೇ ಹೇಳಬೇಕು. ಇದೇ ಕಾರಣಕ್ಕೆ ಬಯಲಿನ ನಡುವೆ ನಿಂತ, 20 ಮೀಟರಿಗಿಂತ ಕಡಿಮೆ ಎತ್ತರದ ಒಂದು ಬಂಡೆಗುಡ್ಡ ಎರಡು ಗೆರೆಗಳ ನಡುವೆ ಸಿಕ್ಕಿ ಕಾಣದೇ ಹೋಗಬಹುದು. ಗೆರೆ ಇಲ್ಲ ಎಂದ ಮಾತ್ರಕ್ಕೆ ನೆಲ ಮಟ್ಟಸ ಎಂದು ಬರೆಯಬೇಡಿ.

ಬೆಟ್ಟದ ತುದಿಗಳಲ್ಲಿ ಕೆಲವೆಡೆ ಪುಟ್ಟ ತ್ರಿಕೋನ ಕಾಣುತ್ತದೆ. ಪಟ್ಟಿಯಲ್ಲಿ ‘ತ್ರಿಕೋನಮಿತಿ ಕೇಂದ್ರ’ ಎಂದು ಓದಿ ಮುಂದೆ ಹೋಗಿರುತ್ತೀರಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಲ್ಲಿ ಅಳೆದು ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ, ಮೈಸೂರು ಸೀಮೆಯನ್ನು ಹಾದು ಪಶ್ಚಿಮ ಕರಾವಳಿಗೂ, ಮುಂದೆ ದಶಕಗಳ ಕಾಲ ಉತ್ತರಕ್ಕೂ ಬೆಳೆಯಿತು. ಅರ್ಧ ಟನ್ ತೂಕದ ಥಿಯೊಡೊಲೈಟ್ ಉಪಕರಣವನ್ನು ಬೆಟ್ಟದ ತುದಿಗಳಿಗೆ ಹೊರಿಸಿಕೊಂಡು ಹೋಗಿ, ಒಂದು ತುದಿಯಿಂದ ಇನ್ನೊಂದನ್ನು ನೋಡಿ ಕೋನ ಅಳೆದರು. ಒಂದು ಬದಿ ಮತ್ತು ಎರಡು ಕೋನ ಗೊತ್ತಿದ್ದರೆ ತ್ರಿಕೋನದ ಉಳಿದ ಬದಿಗಳು ಲೆಕ್ಕಕ್ಕೆ ಸಿಗುತ್ತವೆ ಎಂಬ ಹೈಸ್ಕೂಲು ಗಣಿತವೇ ಅದರ ತಿರುಳು. ‘ಇದು ಇಲ್ಲೇ ಏಕೆ?’ ಎಂಬ ಪ್ರಶ್ನೆಯನ್ನು ಆ ಚಿಹ್ನೆಗೂ ಕೇಳಿ: ಕಣ್ಣಿಗೆ ಅಡ್ಡಿಯಿಲ್ಲದ ದೂರದ ನೋಟ ಬೇಕಿತ್ತು, ಅದಕ್ಕೇ ತ್ರಿಕೋನ ಬೆಟ್ಟದ ನೆತ್ತಿಯಲ್ಲಿದೆ.

ನಿಮ್ಮ ಹಾಳೆಯ ನಿಜವಾದ ಸಂಪತ್ತು ಕೆರೆಗಳು. ಶಾಶ್ವತವಾಗಿ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಮಳೆನೀರನ್ನು ಹೇಗೆ ನಿಲ್ಲಿಸಿದರು ಎಂಬುದು ಅಲ್ಲಿ ಗೆರೆಗೆರೆಯಾಗಿ ಬರೆದಿದೆ. ಯಾವುದಾದರೂ ಒಂದು ಕೆರೆಯನ್ನು ಹತ್ತಿರದಿಂದ ನೋಡಿ. ಅದರ ಒಂದು ಬದಿ ನೆಟ್ಟಗೆ ಅಥವಾ ಬಿಲ್ಲಿನಂತೆ ಬಾಗಿ, ದಪ್ಪ ಗೆರೆಯಿಂದ ಮುಗಿದಿರುತ್ತದೆ. ಅದು ಏರಿ. ಪಕ್ಕದಲ್ಲಿ ಅಂಕಿಯೂ ಇಂಗ್ಲಿಷಿನ ‘ಆರ್’ ಅಕ್ಷರವೂ ಇದ್ದರೆ ಅದು ಸುತ್ತಲಿನ ನೆಲದಿಂದ ಏರಿಯ ಎತ್ತರ, ಮೀಟರಿನಲ್ಲಿ. ಉಳಿದ ಬದಿಗಳು ಬೆರಳು ಚಾಚಿದಂತೆ ಅಂಕುಡೊಂಕು. ಆ ಅಂಕುಡೊಂಕಾದ ಅಂಚು ಬೇರೇನೂ ಅಲ್ಲ, ನೀರು ತುಂಬಿದಾಗಿನ ಮಟ್ಟ. ಆದ್ದರಿಂದ ಅದು ಪಕ್ಕದ ಸಮೋನ್ನತಿ ರೇಖೆಯ ಜೊತೆಜೊತೆಗೇ ಸಾಗುತ್ತದೆ. ಏರಿಯ ಮೇಲ್ಬದಿಯಲ್ಲಿ ತೊರೆಗಳು ಒಳಗೆ ಬರುತ್ತವೆ. ಏರಿಯ ಒಂದು ತುದಿಯಿಂದ ಮತ್ತೆ ಒಂದು ತೊರೆ ಹೊರಟಿದ್ದರೆ ಅಲ್ಲಿ ಕೋಡಿ ಇದೆ ಎಂದು ಊಹಿಸಬಹುದು. ಆ ತೊರೆಯನ್ನು ಬೆರಳಲ್ಲಿ ಹಿಂಬಾಲಿಸಿ. ಅದು ಇನ್ನೊಂದು ಕೆರೆಗೆ ಹೋಗಿ ಬೀಳುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಒಂದು ಸರಣಿಯಲ್ಲಿ ಎಷ್ಟು ಕೆರೆಗಳಿವೆ ಎಂದು ಎಣಿಸಿ, ಮೇಲಿನದಕ್ಕೂ ಕೆಳಗಿನದಕ್ಕೂ ಎಷ್ಟು ಗೆರೆಗಳ ಅಂತರವಿದೆ ಎಂದು ನೋಡಿ.

ಏರಿಯ ಕೆಳಗಿನ ಹಳದಿ ಸಾಗುವಳಿ ಭೂಮಿ. ಅದರಲ್ಲಿ ತೂಬಿನ ನೀರು ಹಾಯುವ ಅಚ್ಚುಕಟ್ಟು ಎಷ್ಟು ದೂರ ಹರಡಿರಬಹುದು ಎಂದು ಇಳಿಜಾರು ನೋಡಿ ಅಂದಾಜು ಮಾಡಿ. ಊರು ಎಲ್ಲಿ ಕೂತಿದೆ ನೋಡಿ: ಎಷ್ಟೋ ಕಡೆ ಏರಿಗೆ ಹತ್ತಿರ, ಆದರೆ ನೀರು ಹಾಯುವ ಗದ್ದೆಯನ್ನು ಬಿಟ್ಟು, ತುಸು ಎತ್ತರದ ಒಣನೆಲದಲ್ಲಿ. ಒಳ್ಳೆಯ ಗದ್ದೆಯ ಮೇಲೆ ಮನೆ ಕಟ್ಟಲು ರೈತ ಒಪ್ಪುವುದಿಲ್ಲ ಎಂಬ ಲೆಕ್ಕಾಚಾರ ಆ ಕೆಂಪು ಚೌಕಗಳ ಜಾಗದಲ್ಲೇ ಇದೆ. ನಿಮ್ಮ ಹಾಳೆಯಲ್ಲಿ ಹತ್ತು ಊರುಗಳನ್ನು ಆರಿಸಿ, ಎಷ್ಟು ಊರುಗಳಿಗೆ ಈ ಮಾತು ಹೊಂದುತ್ತದೆ, ಎಷ್ಟಕ್ಕೆ ಹೊಂದುವುದಿಲ್ಲ ಎಂದು ನೀವೇ ಪಟ್ಟಿ ಮಾಡಿ. ಹೊಂದದ ಊರುಗಳೇ ಹೆಚ್ಚು ಕಲಿಸುತ್ತವೆ. ಒಂದು ಕೋಟೆಯ ಕೆಳಗೆ ಬೆಳೆದಿರಬಹುದು, ಇನ್ನೊಂದು ರಸ್ತೆ ಕೂಡುವಲ್ಲಿ. ನಂದಿ ಗ್ರಾಮವನ್ನು ನೋಡಿ: ಬೆಟ್ಟದ ಬುಡದಲ್ಲಿ, ಭೋಗನಂದೀಶ್ವರನ ದೇವಾಲಯದ ಸುತ್ತ.

ಹೆದ್ದಾರಿಯನ್ನೂ ರೈಲು ಹಳಿಯನ್ನೂ ಒಟ್ಟಿಗೇ ನೋಡಿ. ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿ ನಂದಿ ಸಾಲನ್ನು ಪಶ್ಚಿಮಕ್ಕೆ ಬಿಟ್ಟು, ಅದರ ಪೂರ್ವದ ಬಯಲಿನಲ್ಲಿ ಚಿಕ್ಕಬಳ್ಳಾಪುರ ಮುಟ್ಟುತ್ತದೆ. ರೈಲು ಕೂಡ ಹಾಗೆಯೇ. ಕಾರಣ ಕಂದು ಗೆರೆಗಳಲ್ಲಿದೆ. ಲೆಕ್ಕವೂ ಸುಲಭ: ಬೆಟ್ಟದ ಒಂದು ಬದಿಯಲ್ಲಿ 2 ಸೆಂಟಿಮೀಟರ್ ಗೆರೆ ಎಳೆದು, ಅದು ಹತ್ತು ಅಂತರಗಳನ್ನು ದಾಟಿದರೆ, 1 ಕಿಲೋಮೀಟರಿಗೆ 200 ಮೀಟರ್ ಏರು, ಅಂದರೆ ಐದಕ್ಕೆ ಒಂದು. ರೈಲು ಇಂಥದನ್ನು ಹತ್ತಲಾರದು. ಬೆಟ್ಟ ಹತ್ತುವ ರಸ್ತೆ ಹಾವಿನಂತೆ ಸುತ್ತುವುದೂ ಇದಕ್ಕೇ: ದಾರಿಯನ್ನು ಉದ್ದ ಮಾಡಿ ಏರನ್ನು ತಗ್ಗಿಸುತ್ತದೆ.

ಹಾಳೆಯ ಅಂಚಿನಲ್ಲಿ ಸರ್ವೆ ನಡೆದ ವರ್ಷ ಇರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹೆದ್ದಾರಿಗೆ 7 ಎಂಬ ಸಂಖ್ಯೆ ಇದ್ದರೆ ಅದು ಹಳೆಯ ಮುದ್ರಣ, ಈಗ ಅದು 44. ಚಿಕ್ಕಬಳ್ಳಾಪುರದ ರೈಲು ಮಾರ್ಗ ಒಂದು ಕಾಲಕ್ಕೆ ನ್ಯಾರೋ ಗೇಜ್ ಆಗಿತ್ತು, ಹಳೆಯ ಹಾಳೆಯಲ್ಲಿ ಅದಕ್ಕೆ ತಕ್ಕ ಚಿಹ್ನೆಯೇ ಇರುತ್ತದೆ. ಹಾಳೆಯಲ್ಲಿ ಒಣಗಿದಂತೆ ತೋರಿಸಿದ ಕೆರೆ ಇಂದು ತುಂಬಿರಬಹುದು, ಏಕೆಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರನ್ನು ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಲ್ಲಿ ಈ ಭಾಗದ ಕೆರೆಗಳಿಗೆ ಹರಿಸಿದ್ದಾರೆ. ಹಾಗೆಂದು ನಕ್ಷೆ ಸುಳ್ಳಾಗುವುದಿಲ್ಲ, ಅದು ತನ್ನ ವರ್ಷದ ಸತ್ಯವನ್ನು ಹೇಳುತ್ತಿದೆ. ಇನ್ನು ಕೆಲವನ್ನು ಅದು ಎಂದೂ ಹೇಳುವುದಿಲ್ಲ. ಹಳದಿ ಬಣ್ಣದಲ್ಲಿ ದ್ರಾಕ್ಷಿ ಇದೆಯೋ ರಾಗಿ ಇದೆಯೋ ಹಿಪ್ಪುನೇರಳೆ ಇದೆಯೋ ಗೊತ್ತಾಗುವುದಿಲ್ಲ. ಪರೀಕ್ಷೆಯಲ್ಲಿ ‘ಇಲ್ಲಿ ದ್ರಾಕ್ಷಿ ಬೆಳೆಯುತ್ತಾರೆ’ ಎಂದು ಬರೆದರೆ ಅದು ನಿಮ್ಮ ತಿಳಿವಳಿಕೆ ಆಯಿತು, ನಕ್ಷೆಯ ಓದು ಆಗಲಿಲ್ಲ.

ಪರೀಕ್ಷೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಅಂಚಿನ ಮಾಹಿತಿ, ಭೂಸ್ವರೂಪ, ಜಲಹರಿವು, ಸಸ್ಯವರ್ಗ, ಸಾಗುವಳಿ, ವಸತಿ, ಸಾರಿಗೆ ಎಂಬ ಕ್ರಮ ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ‘ಇಲ್ಲಿ ಅನೇಕ ಕೆರೆಗಳಿವೆ. ವಸತಿಗಳು ಚದುರಿವೆ. ರಸ್ತೆಗಳಿವೆ’ ಎಂಬ ಉತ್ತರ ಯಾವ ಹಾಳೆಗೂ ಹೊಂದುತ್ತದೆ. ಅದರ ಬದಲು ಹೀಗೆ ಬರೆಯಿರಿ: ‘ಬೆಟ್ಟಸಾಲಿನಿಂದ ಇಳಿಯುವ ತೊರೆಗಳು ಕಪ್ಪು ಗೆರೆಯಲ್ಲಿರುವುದರಿಂದ ಹರಿವು ಋತುಮಾನದ್ದು. ಈ ತೊರೆಗಳಿಗೆ ಏರಿ ಕಟ್ಟಿ ಸರಣಿ ಕೆರೆಗಳನ್ನು ಮಾಡಿದ್ದಾರೆ. ವಸತಿಗಳು ಇವುಗಳ ಸಮೀಪ ಗುಂಪಾಗಿವೆ, ಗೆರೆಗಳು ಒತ್ತಾಗಿರುವ ಇಳಿಜಾರಿನಲ್ಲಿ ವಸತಿಗಳಿಲ್ಲ.’ ಪ್ರತಿ ವಾಕ್ಯಕ್ಕೂ ಗ್ರಿಡ್ ಉಲ್ಲೇಖ ಕೊಡಿ, ಅಂದರೆ ಹಾಳೆಯ ಮೇಲಿನ ಚೌಕಗೆರೆಗಳ ಅಂಕಿಗಳಿಂದ ಜಾಗವನ್ನು ಹೇಳಿ. ಪೂರ್ವದ ಕಡೆಗಿನ ಅಂಕಿ ಮೊದಲು, ಉತ್ತರದ ಕಡೆಗಿನದು ನಂತರ. ನಾಲ್ಕು ಅಂಕಿಗಳು ಒಂದು ಚೌಕವನ್ನು ಹೇಳಿದರೆ, ಚೌಕವನ್ನು ಮನಸ್ಸಿನಲ್ಲೇ ಹತ್ತಾಗಿ ಸೀಳಿ ಬರೆದ ಆರು ಅಂಕಿಗಳು ಅದರೊಳಗಿನ ಒಂದು ದೇವಸ್ಥಾನವನ್ನೇ ಹೇಳುತ್ತವೆ. ಪಾರ್ಶ್ವಚಿತ್ರ, ಅಂದರೆ ನೆಲವನ್ನು ಅಡ್ಡಕ್ಕೆ ಸೀಳಿದಂತೆ ಪಕ್ಕದಿಂದ ಕಾಣುವ ಚಿತ್ರ, ಬಿಡಿಸುವಾಗ ಎತ್ತರಕ್ಕೆ ಬೇರೆ ಅಳತೆಮಾನ ಹಿಡಿಯುತ್ತೀರಲ್ಲ, ಅದನ್ನು ನಮೂದಿಸಿ. 1 ಸೆಂಟಿಮೀಟರಿಗೆ 100 ಮೀಟರ್ ಎಂದರೆ 1:10,000, ಅಂದರೆ ನಿಮ್ಮ ಚಿತ್ರದ ನಂದಿ ನಿಜಕ್ಕಿಂತ ಐದು ಪಟ್ಟು ಎಳೆದದ್ದು.

ಇನ್ನು ನಿಮ್ಮ ಅಣ್ಣನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ದಾರಿ ತೋರಿಸುವುದರಲ್ಲಿ ಮೊಬೈಲ್ ನಕ್ಷೆಯನ್ನು ಮೀರಿಸುವಂಥದಿಲ್ಲ. ಆದರೆ ಅದು ನೀವು ನಿಂತ ಜಾಗವನ್ನೇ ನಡುವಿಗಿಟ್ಟು, ನೀವು ಹೋಗುವ ದಿಕ್ಕಿಗೆ ತಾನೇ ತಿರುಗಿ, ಬೆರಳು ಸೋಕಿದಂತೆಲ್ಲ ಅಳತೆಮಾನ ಬದಲಿಸುತ್ತದೆ. ಹಾಗಾಗಿ ಊರಿನಿಂದ ಊರಿಗೆ ಹೋಗಿ ತಲುಪುತ್ತೇವೆ, ನಡುವಿನ ನೆಲದ ಏರಿಳಿತ ಮನಸ್ಸಿನಲ್ಲಿ ಉಳಿಯುವುದಿಲ್ಲ. ಮಳೆ ಜೋರಾದಾಗ ಯಾವ ಬಡಾವಣೆಗೆ ನೀರು ನುಗ್ಗೀತು, ಯಾವ ಹಳ್ಳ ಎಲ್ಲಿಗೆ ಸೇರುತ್ತಿತ್ತು ಎಂಬುದು ಗೊತ್ತಾಗಬೇಕಾದರೆ ಸಮೋನ್ನತಿ ರೇಖೆ ಬೇಕು. ಹಾಗೆಂದು ಮೊಬೈಲನ್ನು ದೂರ ಇಡಬೇಡಿ. ಅದರ ಉಪಗ್ರಹ ಚಿತ್ರವನ್ನು ಟೋಪೋಶೀಟ್‌ನ ಪಕ್ಕ ಇಟ್ಟುಕೊಂಡರೆ ಒಂದು ಅಂದಿನದು, ಇನ್ನೊಂದು ಇಂದಿನದು.

ಮೂರನೆಯದೊಂದು ನಕ್ಷೆ ನಿಮ್ಮ ಮನೆಯಲ್ಲೇ ಮಾತಿಗೆ ಬರುತ್ತಿರುತ್ತದೆ: ಗ್ರಾಮನಕ್ಷೆ. ಅದರಲ್ಲಿ ಎತ್ತರವಿಲ್ಲ, ಆದರೆ ಪ್ರತಿ ಸರ್ವೆ ನಂಬರಿನ ಗಡಿ, ಬಂಡಿದಾರಿ, ಹಳ್ಳ, ಕೆರೆಯ ಪೂರ್ತಿ ಎಲ್ಲೆ ಇರುತ್ತದೆ. ರಾಜ್ಯದ ಭೂದಾಖಲೆಗಳ ಇಲಾಖೆ ಇವನ್ನು ಅಂತರ್ಜಾಲದಲ್ಲಿ ಇಟ್ಟಿದೆ. ದಿಶಾಂಕ್ ಎಂಬ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ನಿಮ್ಮೂರಿನ ಒಂದೇ ಒಂದು ಕೆರೆಯನ್ನು ಆರಿಸಿ. ಟೋಪೋಶೀಟ್‌ನಲ್ಲಿ, ಗ್ರಾಮನಕ್ಷೆಯಲ್ಲಿ, ಮೊಬೈಲಿನ ಉಪಗ್ರಹ ಚಿತ್ರದಲ್ಲಿ ಅದರ ಅಂಚನ್ನು ಬೇರೆ ಬೇರೆ ಟ್ರೇಸಿಂಗ್ ಪೇಪರಿನಲ್ಲಿ ನಕಲು ಮಾಡಿ. ಅಳತೆಮಾನಗಳು ಬೇರೆಯಾದ್ದರಿಂದ ಏರಿಯ ಉದ್ದವನ್ನು ಮೂರರಲ್ಲೂ ಮೀಟರಿಗೆ ತಿರುಗಿಸಿ ಬರೆಯಿರಿ. ಮೂರು ಹೊಂದದಿದ್ದರೆ ಎಲ್ಲಿ ಹೊಂದಲಿಲ್ಲ ಎಂದು ಗುರುತು ಹಾಕಿಕೊಂಡು, ಆ ಜಾಗಕ್ಕೆ ನಡೆದು ಹೋಗಿ. ಹಾಳೆಯಲ್ಲಿನ ಏರಿಯ ಗೆರೆ ನಿಮ್ಮೆದುರಿನ ಏರಿಗೆ ಸಮಾನಾಂತರವಾಗುವವರೆಗೆ ಹಾಳೆಯನ್ನು ತಿರುಗಿಸಿ ಹಿಡಿಯಿರಿ, ಬೆಟ್ಟ ಯಾವ ಕೈಗೆ ಬರಬೇಕೋ ಆ ಕೈಗೇ ಬಂದಿದೆಯೇ ನೋಡಿಕೊಳ್ಳಿ, ಆಮೇಲೆ ಅಳೆಯಿರಿ.